ಎರಡೋ, ಮೂರೋ, ನಾಲ್ಕೋ? ಫಿನ್ಲೆಂಡಿನ ಲೆಕ್ಕ ಮತ್ತು ಮಲೆನಾಡಿನ ಅಂಗನವಾಡಿ

ಒಂದನೇ ತರಗತಿಗೆ ಸೇರಿಸಲು ಮಗುವಿಗೆ ಎಷ್ಟು ವರ್ಷ ತುಂಬಿರಬೇಕು? ಈ ಪ್ರಶ್ನೆ ಕೆಲವು ವರ್ಷಗಳಿಂದ ಶಿವಮೊಗ್ಗ ಜಿಲ್ಲೆಯ ಪೋಷಕರ ಬೆನ್ನು ಬಿಟ್ಟಿಲ್ಲ. ಜೂನ್ 1ಕ್ಕೆ ಆರು ವರ್ಷ ತುಂಬಿರಲೇಬೇಕು ಎಂದು 2022ರ ಜುಲೈನಲ್ಲಿ ರಾಜ್ಯ ಸರ್ಕಾರ ಆದೇಶಿಸಿತು. ಹಳೆಯ ಲೆಕ್ಕ ನಂಬಿ ಆಗಲೇ ಎಲ್‌ಕೆಜಿಗೆ ಸೇರಿದ್ದ ಮಕ್ಕಳ ಗತಿಯೇನು ಎಂಬ ತಕರಾರು ಎದ್ದಿತು, ನಿಯಮ 2025-26ನೇ ಸಾಲಿಗೆ ಮುಂದೆ ಹೋಯಿತು. ಆ ಸಾಲು ಬಂದಾಗ ಮತ್ತೆ ಗಲಿಬಿಲಿ. 2025ರ ಏಪ್ರಿಲ್‌ನಲ್ಲಿ ಶಾಲಾ ಶಿಕ್ಷಣ ಸಚಿವ, ನಮ್ಮ ಜಿಲ್ಲೆಯ ಸೊರಬದ ಶಾಸಕ ಮಧು ಬಂಗಾರಪ್ಪ ಅವರು ಆ ಒಂದು ವರ್ಷದ ಮಟ್ಟಿಗೆ ಐದು ವರ್ಷ ಐದು ತಿಂಗಳು ಆಗಿದ್ದರೆ ಸಾಕು ಎಂದು ಸಡಿಲಿಕೆ ಕೊಟ್ಟರು. ಮುಂದಿನ ಸಾಲಿನಿಂದ ಆರು ವರ್ಷ ಕಡ್ಡಾಯ ಎಂದೂ ಹೇಳಿದರು.

ಅದೇ ವರ್ಷ ಆಗಸ್ಟ್‌ನಲ್ಲಿ ಪ್ರೊ. ಸುಖದೇವ್ ಥೋರಟ್ ನೇತೃತ್ವದ ರಾಜ್ಯ ಶಿಕ್ಷಣ ನೀತಿ ಆಯೋಗ ವರದಿ ಕೊಟ್ಟಿತು. ಅದು ಸೂಚಿಸಿದ್ದು 2+8+4 ವ್ಯವಸ್ಥೆ, ಅಂದರೆ ಶಾಲೆಗೆ ಮುಂಚೆ ಎರಡು ವರ್ಷ. ಕೇಂದ್ರದ 2020ರ ರಾಷ್ಟ್ರೀಯ ಶಿಕ್ಷಣ ನೀತಿ ಹೇಳುವುದು 5+3+3+4, ಅದರಲ್ಲಿ ಮೊದಲ ಐದರೊಳಗೆ ಮೂರು ವರ್ಷ ಶಾಲಾಪೂರ್ವದ್ದು. ಇವೆರಡರ ನಡುವೆ ಶಾಲಾಪೂರ್ವದ ವರ್ಷಗಳಲ್ಲಿ ದೇಶ ದೇಶಗಳನ್ನು ಹೋಲಿಸುವ ಪಟ್ಟಿಗಳೂ ಓಡಾಡುತ್ತಿವೆ. ಅದರಲ್ಲಿ ಫಿನ್ಲೆಂಡಿನ ಎದುರಿಗೆ ನಾಲ್ಕು, ಭಾರತದ ಎದುರಿಗೆ ಮೂರು ಎಂದು ಕಂಡವರು ನಮ್ಮ ಮಕ್ಕಳು ಒಂದು ವರ್ಷ ಹಿಂದೆ ಬಿದ್ದಿದ್ದಾರೆ ಎಂದುಕೊಳ್ಳುತ್ತಾರೆ. ಹಾಗಾದರೆ ಎರಡಕ್ಕೆ ಇಳಿಸುವುದು ಸರಿಯೇ ಎಂಬುದು ಮುಂದಿನ ಪ್ರಶ್ನೆ. ಈ ಅಂಕಿಗಳು ಹುಟ್ಟುವುದು ಹೇಗೆ ಎಂದು ತಿಳಿಯದೆ ಆ ಪ್ರಶ್ನೆಗೆ ಉತ್ತರ ಹುಡುಕಲಾಗದು.

ಅಂಕಿ ಹುಟ್ಟುವ ಬಗೆ

ಇಂಥ ಹೋಲಿಕೆಗಳ ಮೂಲ ಸಾಮಾನ್ಯವಾಗಿ ಯುನೆಸ್ಕೋದ ಅಂಕಿಅಂಶ ಸಂಸ್ಥೆ. ಅದರ ಒಂದು ಮಾಪನ 'ಶಾಲಾಪೂರ್ವ ಶಿಕ್ಷಣದ ನಿರೀಕ್ಷಿತ ವರ್ಷಗಳು'. ಇಂದಿನ ದಾಖಲಾತಿಯ ಪ್ರಮಾಣ ಹೀಗೇ ಮುಂದುವರಿದರೆ ಒಂದು ಮಗು ಒಂದನೇ ತರಗತಿಗೆ ಮುಂಚೆ ಸರಾಸರಿ ಎಷ್ಟು ವರ್ಷ ಶಾಲಾಪೂರ್ವ ಕೇಂದ್ರದಲ್ಲಿ ಕಳೆದೀತು ಎಂಬ ಅಂದಾಜು ಅದು. ಲೆಕ್ಕ ಸರಳ. ಮೂರು ವರ್ಷದ ಮಕ್ಕಳಲ್ಲಿ ಎಷ್ಟು ಪಾಲು ಸೇರಿದ್ದಾರೆ, ನಾಲ್ಕು ವರ್ಷದವರಲ್ಲಿ ಎಷ್ಟು, ಐದರವರಲ್ಲಿ ಎಷ್ಟು ಎಂದು ಪ್ರತಿ ವಯಸ್ಸಿಗೂ ಪ್ರಮಾಣ ತೆಗೆದು ಎಲ್ಲವನ್ನೂ ಕೂಡುತ್ತಾರೆ. ನೂರಕ್ಕೆ ನೂರು ಸೇರಿದ್ದರೆ ಆ ವಯಸ್ಸಿಗೆ ಒಂದು, ಅರ್ಧದಷ್ಟು ಮಕ್ಕಳಾದರೆ ಅರ್ಧ.

ಯಾವುದನ್ನು ಶಾಲಾಪೂರ್ವ ಶಿಕ್ಷಣ ಎಂದು ಎಣಿಸಬಹುದು ಎಂಬುದಕ್ಕೂ ಒಂದು ಕಟ್ಟಳೆ ಇದೆ. ಶಿಕ್ಷಣದ ಹಂತಗಳನ್ನು ವರ್ಗೀಕರಿಸಲು 2011ರಲ್ಲಿ ಯುನೆಸ್ಕೋ ಒಪ್ಪಿದ ಮಾನದಂಡದ ಪ್ರಕಾರ ದಿನಕ್ಕೆ ಕನಿಷ್ಠ ಎರಡು ಗಂಟೆ, ವರ್ಷಕ್ಕೆ ಕನಿಷ್ಠ ನೂರು ದಿನಗಳಷ್ಟಾದರೂ ಕಲಿಕೆಯ ಚಟುವಟಿಕೆ ನಡೆಯಬೇಕು. ಮಗುವನ್ನು ನೋಡಿಕೊಂಡರಷ್ಟೇ ಸಾಲದು. ಆದರೆ ಕೊನೆಗೆ ಕೂಡಿಸುವುದು ಹೆಸರು ದಾಖಲಾದ ಮಕ್ಕಳನ್ನು. ಮಗು ದಿನವೂ ಬಂತೇ, ಟೀಚರ್‌ಗೆ ಹಾಡು ಹೇಳಿಸಲು ಪುರುಸೊತ್ತಿತ್ತೇ, ಮಗುವಿನ ಮನೆಮಾತಿನಲ್ಲಿ ಯಾರಾದರೂ ಮಾತನಾಡಿಸಿದರೇ ಎಂಬ ಯಾವುದೂ ಆ ಮೊತ್ತದೊಳಗೆ ಕಾಣುವುದಿಲ್ಲ.

ವರ್ಷಗಳಿಗೂ ಕಲಿಕೆಗೂ ನಡುವೆ ಎಷ್ಟು ಅಂತರವಿರಬಹುದು ಎಂಬುದಕ್ಕೆ ವಿಶ್ವಬ್ಯಾಂಕಿನ 2020ರ ಮಾನವ ಬಂಡವಾಳ ಸೂಚ್ಯಂಕ ನೋಡಬಹುದು. ನಾಲ್ಕನೇ ವಯಸ್ಸಿನಲ್ಲಿ ಕಲಿಕೆ ಶುರುಮಾಡುವ ಭಾರತದ ಮಗು ಹದಿನೆಂಟು ತುಂಬುವುದರೊಳಗೆ 11.1 ವರ್ಷ ಓದೀತು ಎಂದು ಅದು ಅಂದಾಜಿಸಿತು. ನಿಜವಾಗಿ ಕಲಿತದ್ದೆಷ್ಟು ಎಂದು ಹೊಂದಿಸಿ ನೋಡಿದಾಗ ಆ ಸಂಖ್ಯೆ 7.1ಕ್ಕೆ ಇಳಿಯಿತು. ಶಾಲಾಪೂರ್ವದ ಅಂಕಿಗೆ ಇಂಥ ಎರಡನೇ ಸಾಲೇ ಇಲ್ಲ.

ಏಳಕ್ಕೆ ಶಾಲೆ, ಆರಕ್ಕೆ ಶಾಲೆ

ಫಿನ್ಲೆಂಡಿನಲ್ಲಿ ಒಂದನೇ ತರಗತಿ ಶುರುವಾಗುವುದು ಮಗುವಿಗೆ ಏಳು ವರ್ಷ ತುಂಬುವ ವರ್ಷ. ಆದ್ದರಿಂದ ಮೂರರಿಂದ ಆರರವರೆಗಿನ ನಾಲ್ಕೂ ವಯಸ್ಸುಗಳು ಶಾಲಾಪೂರ್ವದ ಖಾತೆಗೆ ಬರುತ್ತವೆ. ಭಾರತದಲ್ಲಿ ಶಾಲೆಯ ವಯಸ್ಸು ಆರು. ಖಾತೆಗೆ ಬರುವುದು ಮೂರು, ನಾಲ್ಕು, ಐದು. ಊರಿನ ಪ್ರತಿ ಮಗುವೂ ಮೂರು ತುಂಬಿದ ದಿನದಿಂದ ತಪ್ಪದೆ ಅಂಗನವಾಡಿಗೆ ಹೋದರೂ ನಮ್ಮ ಮೊತ್ತ ಮೂರಕ್ಕಿಂತ ಮೇಲೇರದು. ಅವರದು ನಾಲ್ಕರವರೆಗೆ ಏರಬಹುದು. ಒಂದು ವರ್ಷದ ಈ ವ್ಯತ್ಯಾಸದಲ್ಲಿ ಯಾರ ಸಾಧನೆಯೂ ಇಲ್ಲ, ಯಾರ ಸೋಲೂ ಇಲ್ಲ. ಶಾಲೆಯ ಬಾಗಿಲು ತೆರೆಯುವ ವಯಸ್ಸು ಬೇರೆ, ಅಷ್ಟೆ.

ನಾಲ್ಕು ವರ್ಷ ಸಾಧ್ಯವಿರುವ ದೇಶವೊಂದು 3.2 ತಲುಪಿದರೆ ಅದು ನೂರಕ್ಕೆ ಎಂಬತ್ತು. ಮೂರು ಸಾಧ್ಯವಿರುವ ದೇಶ 2.55 ತಲುಪಿದರೆ ನೂರಕ್ಕೆ ಎಂಬತ್ತೈದು. ಬರಿಯ ಸಂಖ್ಯೆ ನೋಡಿದವರಿಗೆ ಮೊದಲನೆಯದೇ ಮುಂದಿದೆ ಎನಿಸುತ್ತದೆ. ಹೋಲಿಸಲೇಬೇಕಿದ್ದರೆ ಸಾಧ್ಯವಿದ್ದ ವರ್ಷಗಳಲ್ಲಿ ಎಷ್ಟು ಪಾಲು ಮಕ್ಕಳಿಗೆ ದಕ್ಕಿತು ಎಂದು ನೋಡುವುದು ನ್ಯಾಯ.

ಒಂದೇ ಊರು, ಮೂರು ಉತ್ತರ

ಭಾರತದ ಅಂಕಿಯನ್ನು ಇನ್ನಷ್ಟು ಸಿಕ್ಕಾಗಿಸುವುದು ಅಂಗನವಾಡಿ. ಇದಕ್ಕೊಂದು ಕಲ್ಪಿತ ಉದಾಹರಣೆ ಬೇಕು. ಹೊಸನಗರದ ಕಡೆ ಒಂದು ಗ್ರಾಮ ಪಂಚಾಯ್ತಿ ಇದೆ ಎಂದಿಟ್ಟುಕೊಳ್ಳೋಣ. ಮೂರು, ನಾಲ್ಕು, ಐದು ವರ್ಷದ ಮಕ್ಕಳು ತಲಾ ಇಪ್ಪತ್ತು.

ಮೂರರ ವಯಸ್ಸಿನ ಇಪ್ಪತ್ತರಲ್ಲಿ ಹನ್ನೆರಡು ಮಕ್ಕಳು ಅಂಗನವಾಡಿಗೆ ಹೋಗುತ್ತಾರೆ, ಉಳಿದವರು ಮನೆಯಲ್ಲಿ. ನಾಲ್ಕರವರಲ್ಲಿ ಹತ್ತು ಮಂದಿ ಅಂಗನವಾಡಿಯಲ್ಲಿ, ಎಂಟು ಮಂದಿ ಬೆಳಿಗ್ಗೆ ವ್ಯಾನ್ ಹತ್ತಿ ಪೇಟೆಯ ಎಲ್‌ಕೆಜಿಗೆ. ಐದರವರಲ್ಲಿ ಐದು ಮಕ್ಕಳು ಅಂಗನವಾಡಿಯಲ್ಲಿ, ಒಂಬತ್ತು ಯುಕೆಜಿಯಲ್ಲಿ, ಐದು ಮಕ್ಕಳನ್ನು ಆಗಲೇ ಒಂದನೇ ತರಗತಿಗೆ ಸೇರಿಸಿಬಿಟ್ಟಿದ್ದಾರೆ, ಒಂದು ಮಗು ಮನೆಯಲ್ಲಿದೆ.

ಎಲ್ಲ ಕೇಂದ್ರಗಳನ್ನೂ ಎಣಿಸಿದರೆ ಮೂರನೇ ವಯಸ್ಸಿಗೆ 0.60, ನಾಲ್ಕಕ್ಕೆ 0.90, ಐದಕ್ಕೆ 0.70. ಒಟ್ಟು 2.20 ವರ್ಷ. ಶಾಲೆಗಳಿಂದ ಬಂದ ಮಾಹಿತಿಯನ್ನಷ್ಟೇ ತೆಗೆದುಕೊಂಡು ಅಂಗನವಾಡಿ ಬಿಟ್ಟರೆ ಎಲ್‌ಕೆಜಿಯ 0.40, ಯುಕೆಜಿಯ 0.45 ಮಾತ್ರ ಉಳಿದು ಮೊತ್ತ 0.85ಕ್ಕೆ ಕುಸಿಯುತ್ತದೆ. ಮಕ್ಕಳು ಅವರೇ, ಊರು ಅದೇ. ಬದಲಾದದ್ದು ಯಾವ ರಿಜಿಸ್ಟರ್ ತೆರೆದರು ಎಂಬುದೊಂದೇ.

ಈಗ ಆರು ವರ್ಷದ ನಿಯಮವನ್ನು ಬಿಗಿಯಾಗಿ ಜಾರಿಗೆ ತನ್ನಿ. ಐದನೇ ವಯಸ್ಸಿಗೇ ಒಂದನೇ ತರಗತಿಯಲ್ಲಿದ್ದ ಐದು ಮಕ್ಕಳು ಶಾಲಾಪೂರ್ವದಲ್ಲೇ ಇನ್ನೊಂದು ವರ್ಷ ಉಳಿಯುತ್ತಾರೆ. ಐದನೇ ವಯಸ್ಸಿನ ಪ್ರಮಾಣ 0.95 ಆಗಿ ಮೊತ್ತ 2.45ಕ್ಕೆ ಏರುತ್ತದೆ. ಆ ಮಕ್ಕಳಿಗೆ ಒಂದು ಹಾಡು, ಒಂದು ಕತೆ, ಒಂದು ಅಕ್ಷರವೂ ಹೆಚ್ಚು ಸಿಕ್ಕಿರಬೇಕೆಂದಿಲ್ಲ. ಅದೇ ಯುಕೆಜಿ ಪುಸ್ತಕವನ್ನು ಎರಡನೇ ಬಾರಿ ತಿದ್ದುತ್ತಿರಬಹುದು. ದೇಶದ ಸಾಲಿನಲ್ಲಿ ಮಾತ್ರ ಅದು ಪ್ರಗತಿಯಾಗಿ ಕಾಣುತ್ತದೆ.

ಎರಡು ಇಲಾಖೆಗಳ ನಡುವಿನ ಮಗು

ನಮ್ಮಲ್ಲಿ ಇದು ಉದಾಹರಣೆಯಷ್ಟೇ ಆಗಿ ಉಳಿದಿಲ್ಲ. ಶಾಲೆಗಳ ದಾಖಲಾತಿಯನ್ನು ಶಿಕ್ಷಣ ಇಲಾಖೆ ಯುಡೈಸ್ ವ್ಯವಸ್ಥೆಯಲ್ಲಿ ಬರೆದಿಡುತ್ತದೆ. ಅಂಗನವಾಡಿ ಮಕ್ಕಳ ಹೆಸರು ಇರುವುದು ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ಪೋಷಣ್ ಟ್ರ್ಯಾಕರ್‌ನಲ್ಲಿ. ದೇಶದಲ್ಲಿ ಸುಮಾರು 14 ಲಕ್ಷ ಅಂಗನವಾಡಿಗಳಿವೆ, ರಾಜ್ಯದಲ್ಲಿ ಸುಮಾರು 70 ಸಾವಿರ. ಇಷ್ಟು ದೊಡ್ಡ ಸಂಖ್ಯೆಯನ್ನು ಸೇರಿಸಿಕೊಳ್ಳುವುದು, ಬಿಡುವುದು ಎರಡರ ನಡುವೆ ಭಾರತದ ಚಿತ್ರವೇ ಬದಲಾಗಿಬಿಡುತ್ತದೆ.

ಈ ಸೀಳಿಗೆ ಐವತ್ತು ವರ್ಷಗಳ ಇತಿಹಾಸವಿದೆ. 1975ರ ಅಕ್ಟೋಬರ್ 2ರಂದು ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಶುರುವಾದಾಗ ಕರ್ನಾಟಕದ ಮೊದಲ ಪ್ರಯೋಗ ನಡೆದದ್ದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರದಲ್ಲಿ. ಪೂರಕ ಆಹಾರ, ಲಸಿಕೆ, ಆರೋಗ್ಯ ತಪಾಸಣೆ, ಆಸ್ಪತ್ರೆಗೆ ಶಿಫಾರಸು, ತಾಯಂದಿರಿಗೆ ತಿಳಿವಳಿಕೆ, ಜೊತೆಗೆ 'ಅನೌಪಚಾರಿಕ' ಶಾಲಾಪೂರ್ವ ಶಿಕ್ಷಣ, ಹೀಗೆ ಆರು ಕೆಲಸ. ಮಕ್ಕಳ ಅಪೌಷ್ಟಿಕತೆ ತೀವ್ರವಾಗಿದ್ದ ಕಾಲಕ್ಕೆ ಆ ಕ್ರಮ ಸರಿಯಾದದ್ದೇ. ಆದರೆ 'ಅನೌಪಚಾರಿಕ' ಎಂಬ ಪದ ಕಲಿಕೆಯನ್ನು ಕೊನೆಯ ಸಾಲಿಗೆ ತಳ್ಳಿತು. ಕಾರ್ಯಕರ್ತೆಯ ದಿನ ಹಂಚಿಹೋಯಿತು. ತೂಕ ನೋಡಬೇಕು, ಮೊಬೈಲಿನಲ್ಲಿ ಮಾಹಿತಿ ತುಂಬಬೇಕು, ಗರ್ಭಿಣಿ ಬಾಣಂತಿಯರ ಮನೆಗೆ ಹೋಗಬೇಕು, ಅನೇಕರಿಗೆ ಮತಗಟ್ಟೆ ಅಧಿಕಾರಿಯ ಕೆಲಸವೂ ಉಂಟು. ಇವೆಲ್ಲ ಮುಗಿದ ಮೇಲೆ ಉಳಿದ ಹೊತ್ತಿನಲ್ಲಿ ಮಕ್ಕಳಿಗೆ ಕಲಿಸಬೇಕು. ಹೀಗಿರುವಾಗ ಕಲಿಕೆ ಸೊರಗಿದರೆ ಅದಕ್ಕೆ ಆಕೆಯನ್ನು ದೂರುವುದು ಅನ್ಯಾಯ.

ಕಾನೂನಿನಲ್ಲಿಯೂ ಇದೇ ಸೀಳು. 2002ರ 86ನೇ ತಿದ್ದುಪಡಿ ಆರರಿಂದ ಹದಿನಾಲ್ಕರವರೆಗಿನ ಶಿಕ್ಷಣವನ್ನು ಮೂಲಭೂತ ಹಕ್ಕು ಮಾಡಿತು. ಆರರ ಒಳಗಿನ ಮಕ್ಕಳು 45ನೇ ವಿಧಿಯಲ್ಲಿ, ರಾಜ್ಯ ಪ್ರಯತ್ನಿಸತಕ್ಕದ್ದು ಎಂಬ ನಿರ್ದೇಶಕ ತತ್ವವಾಗಿ ಉಳಿದರು. 2009ರ ಶಿಕ್ಷಣ ಹಕ್ಕು ಕಾಯ್ದೆಯ 11ನೇ ಕಲಮೂ ಸರ್ಕಾರ ವ್ಯವಸ್ಥೆ 'ಮಾಡಬಹುದು' ಎನ್ನುತ್ತದೆಯೇ ಹೊರತು ಮಾಡಲೇಬೇಕು ಎನ್ನುವುದಿಲ್ಲ. ಏಳು ವರ್ಷದ ಅಕ್ಕನಿಗಿರುವ ಹಕ್ಕು ನಾಲ್ಕು ವರ್ಷದ ತಮ್ಮನಿಗಿಲ್ಲ.

ಫಿನ್ಲೆಂಡ್ ಸಾಗಿಬಂದ ದಾರಿ

ಫಿನ್ಲೆಂಡಿಗೂ ಒಂದು ಕಾಲಕ್ಕೆ ಇದೇ ತೊಡಕಿತ್ತು ಎಂಬುದು ನಮ್ಮಲ್ಲಿ ಚರ್ಚೆಗೆ ಬರುವುದೇ ಕಡಿಮೆ. 1973ರ ಅಲ್ಲಿನ ಕಾಯ್ದೆ ಶಿಶುಪಾಲನೆಯನ್ನು ಸಮಾಜ ಕಲ್ಯಾಣದ ಕೆಲಸವಾಗಿ ಕಂಡಿತ್ತು. ದುಡಿಯುವ ತಾಯಂದಿರ ಮಕ್ಕಳನ್ನು ನೋಡಿಕೊಳ್ಳುವುದು ಅದರ ಮುಖ್ಯ ಚಿಂತೆ. 1996ರ ಹೊತ್ತಿಗೆ ಶಾಲೆಯ ವಯಸ್ಸಿನೊಳಗಿನ ಪ್ರತಿ ಮಗುವಿಗೂ ಪಾಲನಾ ಕೇಂದ್ರದಲ್ಲಿ ಜಾಗ ಕೇಳುವ ಹಕ್ಕು ಬಂತು. 2013ರ ಜನವರಿಯಲ್ಲಿ ಇಡೀ ಶಿಶು ಶಿಕ್ಷಣವನ್ನು ಸಮಾಜ ಮತ್ತು ಆರೋಗ್ಯ ಸಚಿವಾಲಯದಿಂದ ಶಿಕ್ಷಣ ಸಚಿವಾಲಯಕ್ಕೆ ದಾಟಿಸಿದರು. 2015ರಿಂದ ಆರನೇ ವಯಸ್ಸಿನ ಒಂದು ವರ್ಷ ಕಡ್ಡಾಯವಾಯಿತು, ವರ್ಷಕ್ಕೆ ಕನಿಷ್ಠ 700 ಗಂಟೆ. 2018ರಲ್ಲಿ ಹೊಸ ಕಾಯ್ದೆ ಬಂದು ಸಿಬ್ಬಂದಿಯ ಅರ್ಹತೆಯನ್ನು ಬಿಗಿಗೊಳಿಸಿತು. ಮೂರು ದಾಟಿದ ಏಳು ಮಕ್ಕಳಿಗೆ ಒಬ್ಬರಂತೆ ಅರ್ಹ ಸಿಬ್ಬಂದಿ ಇರಬೇಕೆಂಬ ನಿಯಮ ಅಲ್ಲಿದೆ.

ಒಂದು ಇಲಾಖೆ, ಒಂದು ಲೆಕ್ಕ, ಗಂಟೆಗಳಲ್ಲಿ ಹೇಳಿದ ಕಟ್ಟಳೆ, ಕೈಗೆ ನಿಲುಕುವಷ್ಟೇ ಮಕ್ಕಳು. ಅವರ ಅಂಕಿಯ ಹಿಂದಿರುವುದು ಇವು. ಅಲ್ಲಿ ಎಲ್ಲವೂ ಪೂರ್ಣವಾಗಿದೆ ಎಂದಲ್ಲ. ಚಿಕ್ಕ ಮಕ್ಕಳನ್ನು ಮನೆಯಲ್ಲೇ ನೋಡಿಕೊಳ್ಳುವ ಕುಟುಂಬಗಳಿಗೆ ಸರ್ಕಾರ ಭತ್ಯೆ ಕೊಡುವುದರಿಂದ, ಮೂರರ ವಯಸ್ಸಿನವರ ಹಾಜರಿ ನೆರೆಯ ಸ್ವೀಡನ್, ನಾರ್ವೆಗಿಂತ ಬಹುಕಾಲ ಕಡಿಮೆಯೇ ಇತ್ತು. ಐದನೇ ವಯಸ್ಸನ್ನೂ ಸೇರಿಸಿ ಎರಡು ವರ್ಷ ಮಾಡಿದರೆ ಏನಾದೀತು ಎಂದು 2021ರಿಂದ 2024ರವರೆಗೆ ಪ್ರಯೋಗ ನಡೆಸಿ ನೋಡಿದರು. ವರ್ಷ ಹೆಚ್ಚಿಸುವ ಮುಂಚೆ ಪರೀಕ್ಷಿಸಿ ನೋಡುವ ಆ ತಾಳ್ಮೆಯನ್ನು ನಾವು ಕಲಿಯಬೇಕು.

ಎಲ್‌ಕೆಜಿ ಎಲ್ಲಿರಬೇಕು?

ಇಲ್ಲಿನ ಜಗಳಕ್ಕೆ ಮರಳೋಣ. 2024ರಲ್ಲಿ ಕಲ್ಯಾಣ ಕರ್ನಾಟಕದ 1,008 ಸರ್ಕಾರಿ ಶಾಲೆಗಳಲ್ಲಿ ಎಲ್‌ಕೆಜಿ, ಯುಕೆಜಿ ತೆರೆಯುವ ತೀರ್ಮಾನವಾದಾಗ ಅಂಗನವಾಡಿ ಕಾರ್ಯಕರ್ತೆಯರು ಬೆಂಗಳೂರಿನಲ್ಲಿ ಧರಣಿ ಕೂತರು. ಆಮೇಲೆ ಅಂಗನವಾಡಿಗಳನ್ನೇ ಸರ್ಕಾರಿ ಮಾಂಟೆಸ್ಸರಿಗಳಾಗಿ ಮೇಲ್ದರ್ಜೆಗೇರಿಸುವ ಯೋಜನೆ ಬಂತು. ಒಂದೇ ಸರ್ಕಾರದ ಎರಡು ಇಲಾಖೆಗಳು ಒಂದೇ ವಯಸ್ಸಿನ ಮಕ್ಕಳಿಗೆ ಎರಡು ದಾರಿ ತೋರಿಸಿದಂತಾಯಿತು.

ಶಾಲೆಯಲ್ಲೇ ಇರಲಿ ಎನ್ನುವವರ ವಾದದಲ್ಲಿ ಹುರುಳಿದೆ. ಪೋಷಕರಿಗೆ ಸಮವಸ್ತ್ರ, ಪುಸ್ತಕ, ಇಂಗ್ಲಿಷ್ ಬೇಕು. ಸರ್ಕಾರಿ ಶಾಲೆಯಲ್ಲಿ ಎಲ್‌ಕೆಜಿ ಇಲ್ಲದಿದ್ದರೆ ನಾಲ್ಕು ವರ್ಷದ ಮಗುವನ್ನು ಖಾಸಗಿ ಶಾಲೆಯ ವ್ಯಾನಿಗೆ ಹತ್ತಿಸುತ್ತಾರೆ. ಹಾಗೆ ಹೋದ ಮಗು ಒಂದನೇ ತರಗತಿಗೆ ಊರ ಶಾಲೆಗೆ ಮರಳುವುದು ಅಪರೂಪ. ಮಲೆನಾಡಿನಲ್ಲಿ ಬೆರಳೆಣಿಕೆಯ ಮಕ್ಕಳಿರುವ ಕಿರಿಯ ಪ್ರಾಥಮಿಕ ಶಾಲೆಗಳು ಬಾಗಿಲು ಹಾಕುವ ಹಂತಕ್ಕೆ ಬರಲು ಇದೂ ಒಂದು ಕಾರಣ.

ಕಾರ್ಯಕರ್ತೆಯರ ಆತಂಕವೂ ಅಷ್ಟೇ ಗಟ್ಟಿ. ನಾಲ್ಕು, ಐದರ ಮಕ್ಕಳು ಶಾಲೆಗೆ ಹೋದರೆ ಅಂಗನವಾಡಿಯಲ್ಲಿ ಉಳಿಯುವವರು ಮೂರರ ಮಕ್ಕಳು ಮಾತ್ರ. ಹಾಜರಿ ಕುಸಿಯುತ್ತದೆ. ಹಾಜರಿ ಕುಸಿದ ಕೇಂದ್ರವನ್ನು ಪಕ್ಕದ್ದರ ಜೊತೆ ಸೇರಿಸುವ ಮಾತು ಬರುತ್ತದೆ. ಸೇರಿಸಿದರೆ ಆ ಕೇರಿಯ ಬಸುರಿಗೆ, ಬಾಣಂತಿಗೆ, ಎರಡು ವರ್ಷದ ಮಗುವಿಗೆ ಸಿಗುತ್ತಿದ್ದ ಮೊಟ್ಟೆ, ಹಾಲು, ಲಸಿಕೆಯ ನೆನಪು ಎಲ್ಲವೂ ಇನ್ನೊಂದು ಗುಡ್ಡದಾಚೆಗೆ ಹೋಗುತ್ತವೆ.

ಬಯಲುಸೀಮೆಯ ಒತ್ತಾದ ಊರಿನಲ್ಲಿ ಶಾಲೆ, ಅಂಗನವಾಡಿ ಒಂದೇ ಆವರಣದಲ್ಲಿದ್ದರೆ ಈ ಜಗಳ ಸುಲಭವಾಗಿ ತೀರೀತು. ಮಲೆನಾಡಿನಲ್ಲಿ ತೀರುವುದಿಲ್ಲ. ಕರ್ನಾಟಕ ಪಬ್ಲಿಕ್ ಶಾಲೆಯಂಥ ದೊಡ್ಡ ಶಾಲೆ ಇರುವುದು ಹೋಬಳಿ ಕೇಂದ್ರದಲ್ಲಿ, ಮನೆಗಳಿರುವುದು ತೋಟಕ್ಕೊಂದು ಕಣಿವೆಗೊಂದರಂತೆ. ಗುಡ್ಡಗಾಡಿನಲ್ಲಿ ಮುನ್ನೂರು ಜನಸಂಖ್ಯೆಗೇ ಒಂದು ಅಂಗನವಾಡಿ, ನೂರೈವತ್ತಕ್ಕೇ ಒಂದು ಮಿನಿ ಅಂಗನವಾಡಿ ಎಂಬ ಮಾನದಂಡ ಬಂದದ್ದು ಇದೇ ಕಾರಣಕ್ಕೆ. ಮಗುವಿನ ನಡಿಗೆಯ ದೂರದಲ್ಲಿ ಈಗಾಗಲೇ ಇರುವ ಏಕೈಕ ಸರ್ಕಾರಿ ಬಾಗಿಲು ಅದು. ಆದ್ದರಿಂದ ಇಲ್ಲಿ ಹೊಸ ಎಲ್‌ಕೆಜಿ ಕೊಠಡಿ ಕಟ್ಟುವುದಕ್ಕಿಂತ ಅಂಗನವಾಡಿಗೆ ಕಲಿಸುವುದಕ್ಕಾಗಿಯೇ ಒಬ್ಬ ತರಬೇತಾದ ಶಿಕ್ಷಕಿಯನ್ನು ಕೊಡುವುದು ಸರಿಯಾದ ದಾರಿ. ಕಾರ್ಯಕರ್ತೆ ಆಹಾರ, ಆರೋಗ್ಯ ನೋಡಿಕೊಳ್ಳಲಿ, ಸಹಾಯಕಿ ಅಡುಗೆ ನೋಡಲಿ, ಮೂರನೆಯವರು ಮಕ್ಕಳೊಡನೆ ಕೂರಲಿ. ಖರ್ಚು ಹೆಚ್ಚು ಎಂಬ ಆಕ್ಷೇಪ ಬಂದೇ ಬರುತ್ತದೆ. ಐದಾರು ಮಕ್ಕಳ ಕೇಂದ್ರಕ್ಕೆ ಪೂರ್ಣಾವಧಿ ಶಿಕ್ಷಕಿ ಕಷ್ಟವಾದರೆ ಅಕ್ಕಪಕ್ಕದ ಎರಡು ಕೇಂದ್ರಗಳಿಗೆ ಒಬ್ಬರು ದಿನ ಹಂಚಿಕೊಂಡು ಬರಬಹುದು. ಮಗು ನಡೆಯುವುದಕ್ಕಿಂತ ಶಿಕ್ಷಕಿ ಓಡಾಡುವುದು ಸುಲಭ.

ಮಳೆಗಾಲದ ದಿನಗಳು

ನೂರು ದಿನ, ಎರಡು ಗಂಟೆ ಎಂಬ ಅಂತರರಾಷ್ಟ್ರೀಯ ಕಟ್ಟಳೆಯನ್ನು ಈಗ ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯ ಸುತ್ತಿಗೆ ಅನ್ವಯಿಸಿ ನೋಡಿ. ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್ ದಾಟುವ ಮಳೆಯಲ್ಲಿ ಹೆಚ್ಚಿನದು ಸುರಿಯುವುದು ಜೂನ್‌ನಿಂದ ಸೆಪ್ಟೆಂಬರ್ ನಡುವೆ. ಮಳೆ ಜೋರಾದ ವಾರಗಳಲ್ಲಿ ಜಿಲ್ಲಾಡಳಿತ ಅಂಗನವಾಡಿಗಳನ್ನೂ ಸೇರಿಸಿಯೇ ರಜೆ ಸಾರುತ್ತದೆ. ರಜೆ ಇಲ್ಲದ ದಿನವೂ ಹಳ್ಳ ತುಂಬಿ ಕಾಲುಸಂಕ ಜಾರುತ್ತಿದ್ದರೆ ಯಾವ ತಾಯಿ ಮೂರು ವರ್ಷದ ಮಗುವನ್ನು ಕಳಿಸಿಯಾಳು? ಶರಾವತಿ ಹಿನ್ನೀರಿನ ತುಮರಿ, ಕಳಸವಳ್ಳಿ ಕಡೆಯವರಿಗೆ 2025ರ ಜುಲೈನಲ್ಲಿ ಸೇತುವೆ ಬಂತು. ಊರೊಳಗಿನ ಹಳ್ಳಗಳಿಗೆ ಎಲ್ಲೆಡೆ ಬಂದಿಲ್ಲ.

ಮಳೆ ನಿಂತ ಮೇಲೆ ಅಡಿಕೆ ಕೊನೆಕೊಯ್ಲು. ಸುಲಿಯುವ ಕೆಲಸಕ್ಕೆ ಬೇರೆ ಜಿಲ್ಲೆಗಳಿಂದ ಬರುವ ಕುಟುಂಬಗಳ ಮಕ್ಕಳು ತೋಟದ ಮನೆಯ ಅಂಗಳದಲ್ಲಿ ಆಡಿಕೊಂಡಿರುತ್ತಾರೆ. ಅವರ ಹೆಸರು ತಮ್ಮೂರಿನ ಅಂಗನವಾಡಿಯಲ್ಲಿದೆ. ಲೆಕ್ಕದ ಪ್ರಕಾರ ಆ ಮಗು ಇಡೀ ವರ್ಷ ಶಾಲಾಪೂರ್ವ ಶಿಕ್ಷಣ ಪಡೆಯುತ್ತಿದೆ. ದೇಹ ಇಲ್ಲಿ, ಹೆಸರು ಅಲ್ಲಿ.

ಫಿನ್ಲೆಂಡಿನ ಉತ್ತರ ಭಾಗವೂ ವಿರಳ ಜನವಸತಿಯದು, ಚಳಿಗಾಲ ಅಲ್ಲಿ ನಮ್ಮ ಮಳೆಗಾಲದಷ್ಟೇ ಕಠಿಣ. ಕಡ್ಡಾಯ ವರ್ಷದ ಮಗುವಿನ ಮನೆ ಕೇಂದ್ರದಿಂದ ಐದು ಕಿಲೋಮೀಟರಿಗಿಂತ ದೂರವಿದ್ದರೆ, ಅಥವಾ ದಾರಿ ಅಪಾಯದ್ದಾಗಿದ್ದರೆ, ಉಚಿತ ವಾಹನ ಕೊಡುವುದು ಅಲ್ಲಿ ಸ್ಥಳೀಯ ಆಡಳಿತದ ಕಾನೂನುಬದ್ಧ ಹೊಣೆ. ನಮ್ಮಲ್ಲಿ ಸಮಗ್ರ ಶಿಕ್ಷಾ ಯೋಜನೆಯಡಿ ಸಾರಿಗೆ, ಬೆಂಗಾವಲು ಭತ್ಯೆ ಇರುವುದು ಒಂದನೇ ತರಗತಿಯಿಂದ ಮೇಲಿನವರಿಗೆ. ಹಳ್ಳ ದಾಟಲು ಹೆಚ್ಚು ಆಸರೆ ಬೇಕಾದ ಪುಟ್ಟ ಮಕ್ಕಳು ಅದರ ಹೊರಗಿದ್ದಾರೆ.

ಎರಡು ವರ್ಷ ಎಂದಾದರೆ

ಆಯೋಗದ ಎರಡು ವರ್ಷದ ಶಿಫಾರಸನ್ನು ಸರ್ಕಾರ ಒಪ್ಪಿದರೆ ಶಾಲಾಪೂರ್ವ ಶಿಕ್ಷಣ ನಾಲ್ಕನೇ ವಯಸ್ಸಿಗೆ ಶುರುವಾಗುತ್ತದೆ. ಎಲ್‌ಕೆಜಿ, ಯುಕೆಜಿ ಎಂಬ ರೂಢಿಗೆ ಅದು ಹೊಂದುತ್ತದೆ, ಕೊಠಡಿ, ಶಿಕ್ಷಕರ ಹೊರೆಯೂ ಇಳಿಯುತ್ತದೆ. ಎರಡು ವರ್ಷವನ್ನು ಚೆನ್ನಾಗಿ ನಡೆಸುವುದು ಮೂರನ್ನು ಕಾಟಾಚಾರಕ್ಕೆ ನಡೆಸುವುದಕ್ಕಿಂತ ಮೇಲು ಎಂಬ ಮಾತಿನಲ್ಲಿ ಸತ್ಯವಿದೆ. ಆದರೆ ಮೂರರ ಮಗು ಕಲಿಕೆಯ ಖಾತೆಯಿಂದ ಹೊರಬಿದ್ದು ಬರಿಯ ಆಹಾರದ ಫಲಾನುಭವಿಯಾಗುವ ಅಪಾಯವೂ ಇದೆ. ಹಣವಂತರು ಆ ವಯಸ್ಸಿಗೆ ಪೇಟೆಯ ನರ್ಸರಿ ಹುಡುಕಿಕೊಳ್ಳುತ್ತಾರೆ. ಕೂಲಿಯವರ ಮಗು ನಾಲ್ಕಕ್ಕೆ ಎಲ್‌ಕೆಜಿಗೆ ಬರುವಾಗಲೇ ಒಂದು ವರ್ಷ ಹಿಂದಿರುತ್ತದೆ.

ಆರು ವರ್ಷದ ನಿಯಮದ ಹೊರೆ ಬೀಳುವುದೂ ಅವರ ಮೇಲೇ. ಖಾಸಗಿ ಶಾಲೆಯಲ್ಲಿ ಮಗುವನ್ನು ಇನ್ನೊಂದು ವರ್ಷ ಉಳಿಸಿದರೆ ಇನ್ನೊಂದು ವರ್ಷದ ಶುಲ್ಕ. ಅಂಗನವಾಡಿಯಲ್ಲಿ ಉಳಿಸಿದರೆ ಖರ್ಚಿಲ್ಲ. ಅಲ್ಲಿ ಐದರ ಮಗುವಿಗೆ ಮೂರರ ಮಗುವಿಗಿಂತ ಬೇರೆಯದೇನಾದರೂ ಕಲಿಸಲು ಒಬ್ಬರು ಇದ್ದರೆ ಮಾತ್ರ ಆ ವರ್ಷಕ್ಕೆ ಅರ್ಥ.

ವರದಿಯ ಮೇಲಿನ ತೀರ್ಮಾನ ವಿಧಾನಸೌಧದ್ದು, ಹಕ್ಕಿನ ತಿದ್ದುಪಡಿ ದೆಹಲಿಯದು. ಎರಡಕ್ಕೂ ಹೊತ್ತು ಹಿಡಿಯುತ್ತದೆ. ಅದಕ್ಕೆ ಕಾಯದೆ ಜಿಲ್ಲೆಯ ಮಟ್ಟದಲ್ಲೇ ಮಾಡಬಹುದಾದ ಕೆಲಸಗಳೂ ಇವೆ. ಪ್ರತಿ ಅಂಗನವಾಡಿಯಲ್ಲಿ ಮಳೆಗಾಲದ ನಾಲ್ಕು ತಿಂಗಳು ಎಷ್ಟು ದಿನ ಬಾಗಿಲು ತೆರೆದಿತ್ತು, ಎಷ್ಟು ಮಕ್ಕಳು ನಿಜವಾಗಿ ಬಂದರು ಎಂಬ ಪಟ್ಟಿಯನ್ನು ಗ್ರಾಮಸಭೆಯಲ್ಲಿ ಓದಿಸಬಹುದು. ಯಾವ ಮನೆಗಳ ಮಕ್ಕಳು ಹಳ್ಳ ದಾಟಿ ಬರುತ್ತಾರೆ ಎಂಬುದು ಕಾರ್ಯಕರ್ತೆಗೆ ಬಾಯಿಪಾಠ. ಆ ದಾರಿಗಳ ಕಾಲುಸಂಕಗಳನ್ನು ಪಂಚಾಯ್ತಿಯ ಕ್ರಿಯಾಯೋಜನೆಯಲ್ಲಿ ಮೊದಲು ಹಾಕಿಕೊಂಡು, ಮೇ ತಿಂಗಳೊಳಗೆ ದುರಸ್ತಿ ಮುಗಿಸಬಹುದು. ಮಗುವಿನ ವಯಸ್ಸನ್ನು ನಾವು ಎಣಿಸುವುದು ಜೂನ್ 1ಕ್ಕೆ, ಮಲೆನಾಡಿಗೆ ಮುಂಗಾರು ಇಳಿಯುವುದೂ ಅದೇ ವಾರಗಳಲ್ಲಿ.